ಬಿಸಿಲಿದ್ದರೂ ಬಾರದ ಚಾನೆಲ್‌ಗಳು: ಡಿಟಿಎಚ್ ಸಂಸ್ಥೆಗೆ ದೂರು ಪತ್ರ

ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ಆಗಸ್ಟ್ 18

ಇವರಿಗೆ,
ನೋಡಲ್ ಅಧಿಕಾರಿಗಳು,
ಗ್ರಾಹಕ ದೂರು ವಿಭಾಗ, ಬೆಂಗಳೂರು

ವಿಷಯ: ಕೇಬಲ್ ಜೋಡಣೆಯ ದೋಷದಿಂದ ಅರ್ಧದಷ್ಟು ಚಾನೆಲ್‌ಗಳು ಬಾರದಿರುವುದು ಮತ್ತು ನಾಲ್ಕು ಬಾರಿ ಕೊಟ್ಟ ದೂರನ್ನು ಸ್ಥಳಕ್ಕೆ ಬಾರದೆಯೇ ಮುಗಿಸಿರುವುದು.

ಮಾನ್ಯರೇ,

ಕಳೆದ ಮಾರ್ಚ್‌ನಲ್ಲಿ ತಮ್ಮ ಸಂಸ್ಥೆಯ ಡಿಶ್ ಸಂಪರ್ಕವನ್ನು ನಮ್ಮ ಮನೆಗೆ ಹಾಕಿಸಿಕೊಂಡಿದ್ದೇವೆ. ಜೂನ್ ಕೊನೆಯ ವಾರದಲ್ಲಿ ಆರಿದ್ರಾ ಮಳೆ ಹಿಡಿದಲ್ಲಿಂದ ಇಂದಿನವರೆಗೆ, ನಾವು ಹಣ ಕಟ್ಟಿರುವ ಚಾನೆಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರುತ್ತಿಲ್ಲ. ಸಹಾಯವಾಣಿಗೆ ನಾಲ್ಕು ಬಾರಿ ಕರೆ ಮಾಡಿ ನಾಲ್ಕು ದೂರು ಸಂಖ್ಯೆಗಳನ್ನು ಪಡೆದಿದ್ದೇನೆ. ನಾಲ್ಕಕ್ಕೂ ಎರಡು ಮೂರು ದಿನಗಳಲ್ಲಿ “ತಮ್ಮ ದೂರನ್ನು ಪರಿಹರಿಸಲಾಗಿದೆ” ಎಂಬ ಸಂದೇಶ ಮೊಬೈಲ್‌ಗೆ ಬಂದಿದೆಯೇ ಹೊರತು, ತಂತ್ರಜ್ಞರು ಒಮ್ಮೆಯೂ ನಮ್ಮ ಅಂಗಳಕ್ಕೆ ಕಾಲಿಟ್ಟಿಲ್ಲ.

ಸಹಾಯವಾಣಿಯವರು ಪ್ರತಿ ಸಲವೂ ಕೊಟ್ಟ ಉತ್ತರ ಒಂದೇ: “ನಿಮ್ಮ ಕಡೆ ಮಳೆ ಜಾಸ್ತಿ ಸಾರ್, ನಿಂತ ಮೇಲೆ ಸರಿಹೋಗುತ್ತೆ.” ಹುಲಿಕಲ್, ಆಗುಂಬೆಗಳ ಸುತ್ತಿನವರಿಗೆ ಮಳೆಯೆಂದರೇನೆಂದು ಬೆಂಗಳೂರಿನಿಂದ ತಿಳಿಸಿಕೊಡುವ ಅಗತ್ಯವಿಲ್ಲ. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ಅಲೆಗಳು 10 ಗಿಗಾಹರ್ಟ್ಸ್‌ಗೂ ಮೇಲಿನವಾದ್ದರಿಂದ ಜಡಿಮಳೆಯ ಹನಿಗಳು ಅವನ್ನು ಹೀರಿಕೊಂಡು ಚದುರಿಸುತ್ತವೆ ಎಂಬುದನ್ನು ನಾನು ಬಲ್ಲೆ. ಅಂಥ ಹೊತ್ತಿನಲ್ಲಿ ನಮ್ಮಲ್ಲಿ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಚೌಕ ಚೌಕವಾಗಿ ಒಡೆದು ನಿಲ್ಲುತ್ತವೆ, ಮಳೆ ತುಸು ಹೊಳವಾದೊಡನೆ ಮರಳುತ್ತವೆ. ಅದಕ್ಕಾಗಿ ನಾವು ದೂರು ಕೊಟ್ಟವರಲ್ಲ. ಈಗಿನ ತೊಂದರೆಯ ರೀತಿಯೇ ಬೇರೆ. ಪುಷ್ಯ ಮಳೆಯ ನಡುವೆ ಮೂರು ದಿನ ಒಳ್ಳೆಯ ಬಿಸಿಲು ಬಿದ್ದು, ಅಡಿಕೆ ತೋಟಕ್ಕೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಎರಡನೆಯ ಸಲ ಹೊಡೆಸಿ ಮುಗಿಸಿದೆವು. ಆ ಮೂರು ದಿನವೂ ಅವೇ ಚಾನೆಲ್‌ಗಳು ಬರಲಿಲ್ಲ, ಉಳಿದವು ಮಾತ್ರ ಕನ್ನಡಿಯಂತೆ ಸ್ವಚ್ಛವಾಗಿ ಬಂದವು.

ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ ದೂರದರ್ಶನ ನೋಡಿದ ಮನೆ ನಮ್ಮದು. ಹೀಗಾಗಿ ಕಾರಣ ಹುಡುಕದೆ ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ಡಿಶ್ ಮುಖ ಮಾಡಿರುವ ಆಗ್ನೇಯ ದಿಕ್ಕಿನಲ್ಲಿ ಅಡ್ಡ ಬರುತ್ತಿದ್ದ ಒಂದು ತೆಂಗಿನ ಗರಿಯನ್ನು ಕಡಿಸಿದೆ, ವ್ಯತ್ಯಾಸವೇನೂ ಆಗಲಿಲ್ಲ. ಹೊಳೆಯಾಚೆಯ ನೆಂಟರ ಮನೆಯಲ್ಲೂ ತಮ್ಮ ಸಂಸ್ಥೆಯದೇ ಸಂಪರ್ಕವಿದ್ದು, ನಮ್ಮ ಸೆಟ್‌ಟಾಪ್ ಬಾಕ್ಸನ್ನು ಅಲ್ಲಿಗೆ ಒಯ್ದು ಜೋಡಿಸಿದಾಗ ಎಲ್ಲ ಚಾನೆಲ್‌ಗಳೂ ಬಂದವು. ಅವರ ಬಾಕ್ಸನ್ನು ನಮ್ಮಲ್ಲಿಗೆ ತಂದಾಗ, ನಮ್ಮದರಲ್ಲಿ ಬಾರದಿದ್ದ ಚಾನೆಲ್‌ಗಳೇ ಅದರಲ್ಲೂ ಬರಲಿಲ್ಲ. ಹೀಗಿರುವಾಗ, ಬಾಕ್ಸ್ ಕೆಟ್ಟಿರಬಹುದು, 1,200 ರೂಪಾಯಿ ಕಟ್ಟಿದರೆ ಹೊಸತು ಕಳುಹಿಸುತ್ತೇವೆ ಎಂದು ತಮ್ಮ ಪ್ರತಿನಿಧಿಯವರು ಮೂರನೆಯ ಕರೆಯಲ್ಲಿ ಹೇಳಿದ್ದು ಯಾವ ಆಧಾರದ ಮೇಲೆ ಎಂಬುದು ನನಗೆ ತಿಳಿಯಬೇಕಾಗಿದೆ.

ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ತೋರಿಸುವ ಪುಟವನ್ನು ನೋಡಿದಾಗ, ಬಾರದಿರುವ ಚಾನೆಲ್‌ಗಳೆಲ್ಲ ಅಡ್ಡ ಧ್ರುವೀಕರಣದವು (ಅಂದರೆ ಅಡ್ಡಲಾಗಿ ಕಂಪಿಸುವ ಅಲೆಗಳಲ್ಲಿ ಬರುವಂಥವು), ಬರುತ್ತಿರುವವೆಲ್ಲ ಲಂಬ ಧ್ರುವೀಕರಣದವು ಎಂಬುದು ಗೊತ್ತಾಯಿತು. ಬಾಕ್ಸ್ ಕೇಬಲ್‌ನಲ್ಲಿ ಸುಮಾರು 13 ವೋಲ್ಟ್ ಕಳುಹಿಸಿದರೆ ಡಿಶ್‌ನ ಎದುರಿಗೆ ಅಲೆಗಳನ್ನು ಹಿಡಿಯಲು ಕೂರಿಸಿರುವ ಎಲ್‌ಎನ್‌ಬಿ ಎಂಬ ಭಾಗ ಲಂಬ ಅಲೆಗಳನ್ನೂ, 18 ವೋಲ್ಟ್ ಕಳುಹಿಸಿದರೆ ಅಡ್ಡ ಅಲೆಗಳನ್ನೂ ಆರಿಸಿಕೊಳ್ಳುತ್ತದೆ. ದಾರಿಯಲ್ಲಿ ವೋಲ್ಟೇಜ್ ಸೋರಿದರೆ ಅದು ಲಂಬದಲ್ಲಿಯೇ ಉಳಿದುಬಿಡುತ್ತದೆ. ಸೋರಿಕೆ ಎಲ್ಲಿದೆಯೆಂದು ಹುಡುಕಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ಮಾರ್ಚ್‌ನಲ್ಲಿ ಬಂದಿದ್ದ ತಮ್ಮ ಹುಡುಗ ತಂದಿದ್ದ ಕೇಬಲ್ ಜಗಲಿಯವರೆಗೆ ಎಟುಕದೆ, ಇನ್ನೊಂದು ತುಂಡನ್ನು ಸೂರಿನ ಹೊರಗೆ ತಿರುಚಿ ಸೇರಿಸಿ, ಮೇಲೆ ಕಪ್ಪು ಟೇಪ್ ಸುತ್ತಿ ಹೋಗಿದ್ದರು. ಹಂಚಿನ ನೀರು ನೇರವಾಗಿ ಆ ಗಂಟಿನ ಮೇಲೆಯೇ ಬೀಳುತ್ತದೆ. ಪಂಪ್‌ಸೆಟ್ ರಿಪೇರಿಗೆಂದು ಬಂದಿದ್ದ ಎಲೆಕ್ಟ್ರಿಷಿಯನ್ ಎದುರಿನಲ್ಲಿ ಟೇಪ್ ಬಿಚ್ಚಿದಾಗ ಒಳಗಿಂದ ನೀರು ತೊಟ್ಟಿಕ್ಕಿತು, ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದಿತ್ತು. ಬಾರದ ಚಾನೆಲ್ ಒಂದನ್ನು ಹಾಕಿಟ್ಟು ಮೀಟರ್ ಹಿಡಿದರೆ, ಗಂಟಿನಿಂದ ಬಾಕ್ಸ್ ಕಡೆಗೆ 18 ವೋಲ್ಟ್, ಡಿಶ್ ಕಡೆಗೆ ಬರೀ 14. ಹೊರಗಿನವರು ಕೈ ಹಾಕಿದರೆ ಉಚಿತ ಸೇವೆ ರದ್ದಾಗುತ್ತದೆಂದು ತಮ್ಮ ರಸೀದಿಯ ಹಿಂದೆ ಅಚ್ಚಾಗಿರುವುದರಿಂದ, ಫೋಟೊ ತೆಗೆದುಕೊಂಡು ಮೊದಲಿದ್ದಂತೆಯೇ ಸುತ್ತಿಟ್ಟಿದ್ದೇವೆ.

ಆದುದರಿಂದ ಡಿಶ್‌ನಿಂದ ಬಾಕ್ಸ್‌ವರೆಗೆ ನಡುವೆ ಗಂಟಿಲ್ಲದ ಒಂದೇ ಕೇಬಲನ್ನು, ನೀರು ಹೋಗದ ಕನೆಕ್ಟರ್‌ಗಳೊಂದಿಗೆ, ನಮ್ಮಿಂದ ಹಣ ಪಡೆಯದೆ ಹಾಕಿಸಿಕೊಡಬೇಕು. ಗಂಟಿನ ನೀರು ಎಲ್‌ಎನ್‌ಬಿಯನ್ನೂ ಕೆಡಿಸಿದೆಯೇ ಎಂದು ಅದೇ ಭೇಟಿಯಲ್ಲಿ ಪರೀಕ್ಷಿಸಬೇಕು. ಬಾರದ ಚಾನೆಲ್‌ಗಳಿಗೆ ಜೂನ್ ಕೊನೆಯಿಂದ ಕಟ್ಟಿಸಿಕೊಂಡಿರುವ ಹಣವನ್ನು ನಮ್ಮ ಖಾತೆಗೆ ಮರಳಿಸಬೇಕು. ನಾಲ್ಕು ದೂರುಗಳನ್ನು ಯಾರು, ಏನನ್ನು ನೋಡಿ ಮುಗಿಸಿದರು ಎಂಬುದಕ್ಕೂ ಲಿಖಿತ ಉತ್ತರ ಬೇಕು. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಕ್ರಮವಾಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗುತ್ತೇನೆ.

ತಂತ್ರಜ್ಞರನ್ನು ಕಳುಹಿಸುವಾಗ ಹಿಂದಿನ ದಿನವೇ ಫೋನ್ ಮಾಡಿಸಿ, ಮಧ್ಯಾಹ್ನದೊಳಗೆ ತಲುಪುವಂತೆ ನೋಡಿಕೊಳ್ಳಬೇಕಾಗಿ ವಿನಂತಿ. ಈ ದಿನಗಳಲ್ಲಿ ನಾಲ್ಕು ಗಂಟೆಗೇ ಮೋಡ ಕವಿದು ಮಾಡಿನ ಮೇಲೆ ಬೆಳಕು ಸಾಲದು. ಏಣಿ ನಮ್ಮಲ್ಲಿದೆ. ಕೇಬಲ್ ಮಾತ್ರ ಮೂವತ್ತು ಮೀಟರ್‌ಗೆ ಕಡಿಮೆಯಿಲ್ಲದಂತೆ ತರಲಿ.

ಇಂತಿ ತಮ್ಮ ವಿಶ್ವಾಸಿ,
ಚಂದಾದಾರ

ಲಗತ್ತು: ಸಂಪರ್ಕದ ರಸೀದಿ, ನಾಲ್ಕು ಸಂದೇಶಗಳ ಪ್ರತಿ, ಕೇಬಲ್ ಜೋಡಣೆಯ ಮೂರು ಫೋಟೊ