ನಿಯಮ ಬರೆಯುವಾಗ ಮಕ್ಕಳೂ ಇರಲಿ

ಮಾನ್ಯರೇ,

ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ಬೆಲೆ ಸಿಗಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಅನೇಕ ಶಾಲೆಗಳಲ್ಲಿ ಅದಿನ್ನೂ ಕಾಗದದಲ್ಲೇ ಇದೆ.

ವರ್ಷದ ಮೊದಲ ವಾರವೇ ತರಗತಿ ಸಭೆ ಕರೆದು, ತರಗತಿಯ ನಿಯಮಗಳು ಏನಿರಬೇಕೆಂದು ಮಕ್ಕಳಿಂದ ಹೆಸರಿಲ್ಲದ ಚೀಟಿಗಳಲ್ಲಿ ಸಲಹೆ ಪಡೆಯಬೇಕು. ಕೈ ಎತ್ತಿಸಿದರೆ ಮಾತುಗಾರರದ್ದೇ ಮೇಲುಗೈ, ಹಿಂದಿನ ಬೆಂಚು ಮೌನ. ಐದಾರು ನಿಯಮ ಸಾಕು. ‘ಶಿಸ್ತಿನಿಂದಿರಿ’ ಎಂದರೆ ಏನೂ ಹೇಳಿದಂತಾಗದು. ‘ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು’ ಎಂದು ಬರೆಯಲಿ. ತಪ್ಪಿದರೆ ಏನು ಎಂಬುದೂ ಆಗಲೇ ತೀರ್ಮಾನವಾಗಲಿ: ಗೋಡೆ ಗೀಚಿದವರು ಅದನ್ನು ಒರೆಸಬೇಕು. ಮಕ್ಕಳು ಸೂಚಿಸುವ ಶಿಕ್ಷೆ ಕೆಲವೊಮ್ಮೆ ದೊಡ್ಡವರದಕ್ಕಿಂತ ಕಠಿಣ. ಅಲ್ಲಿ ಶಿಕ್ಷಕರು ತಡೆಯಲೇಬೇಕು. ಸುರಕ್ಷತೆಯ ನಿಯಮಗಳು ಚರ್ಚೆಗಿಲ್ಲವೆಂದು ಮೊದಲೇ ತಿಳಿಸಬೇಕು. ಸಲಹೆ ತಳ್ಳಿಹಾಕಿದರೆ ಕಾರಣ ಹೇಳಲಿ. ಕೇಳಿ ಸುಮ್ಮನಾದರೆ ಮುಂದಿನ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.