ಅಕ್ಕಾ, ಫೋನಿನಲ್ಲಿ ಹೇಳಲು ಆಗದ್ದು

ಶೆಫೀಲ್ಡ್, ಇಂಗ್ಲೆಂಡ್
20 ಅಕ್ಟೋಬರ್ 2024

ಪ್ರೀತಿಯ ಅಕ್ಕನಿಗೆ,

ಹೋದ ಭಾನುವಾರ ಫೋನಿನಲ್ಲಿ "ಯಾಕೆ ದನಿ ಹೀಗಿದೆ?" ಅಂತ ಕೇಳಿದೆಯಲ್ಲ, "ಶೀತ" ಅಂದೆ. ಶೀತ ಇರಲಿಲ್ಲ. ಪಕ್ಕದಲ್ಲಿ ಅಮ್ಮ ಇದ್ದಳು, ಸ್ಪೀಕರ್ ಬೇರೆ ಹಾಕಿದ್ದಿರಿ. ಅದಕ್ಕೇ ಈ ಪತ್ರ. ಮೊದಲು ನೀನೊಬ್ಬಳೇ ಓದು. ಅಮ್ಮನಿಗೆ ಎಷ್ಟು ಹೇಳಬೇಕೋ ಆಮೇಲೆ ನೀನೇ ನೋಡು.

ಆಗಸ್ಟ್‌ನಲ್ಲಿ ಇಲ್ಲಿ ಗಲಭೆ ಆಗಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ಹೊರದೇಶದಿಂದ ಆಶ್ರಯ ಕೇಳಿ ಬಂದವನು ಅಂತ ಸುಳ್ಳು ಸುದ್ದಿ ಹಬ್ಬಿತು. ಆಗಸ್ಟ್ 4ರಂದು ನಮ್ಮ ಪಕ್ಕದ ರಾಥರಮ್ ಹತ್ತಿರ, ಹಾಗೆ ಬಂದವರನ್ನು ಇಟ್ಟಿದ್ದ ಹೋಟೆಲ್‌ಗೆ ಜನ ನುಗ್ಗಿದರು, ಬೆಂಕಿ ಹಚ್ಚಲು ನೋಡಿದರು. ಆ ವಾರ ನಾವು ನಾಲ್ಕು ಜನ ಒಂದೇ ಟ್ಯಾಕ್ಸಿಯಲ್ಲಿ ಆಸ್ಪತ್ರೆಯ ನೈಟ್ ಡ್ಯೂಟಿಗೆ ಹೋಗಿ ಬಂದೆವು. ಗಲಭೆ ಮುಗಿಯಿತು. ಆದರೆ ಮುಗಿಯಿತು ಅಂತ ನನ್ನ ಮೈಗೆ ಗೊತ್ತಾಗಲಿಲ್ಲ.

ಅದೇ ತಿಂಗಳ ಕೊನೆಗೆ ವಾರ್ಡಿನಲ್ಲಿ ಒಬ್ಬರು ಅಜ್ಜ ಇದ್ದರು. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುತ್ತಿದ್ದೆ. ಅರ್ಧ ಸುತ್ತಿದ್ದೆ, ಅಷ್ಟರಲ್ಲಿ ಕೈ ಕಿತ್ತುಕೊಂಡರು. "ನೀನು ಮುಟ್ಟಬೇಡ. ನಮ್ಮವರು ಯಾರನ್ನಾದರೂ ಕಳಿಸು" ಅಂದರು. ಪಟ್ಟಿ ನನ್ನ ಕೈಯಲ್ಲೇ ಜೋತಾಡುತ್ತಿತ್ತು. ನಾನು ನಕ್ಕೆ ಅಕ್ಕಾ. "ಸರಿ" ಅಂತ ನಕ್ಕು ಹೊರಗೆ ಬಂದೆ. ಅವರ ಮಾತಿಗಿಂತ ಆ ನಗುವೇ ನನಗೆ ಜಾಸ್ತಿ ಚುಚ್ಚಿತು.

ಆಮೇಲೆ ನಿದ್ದೆಯೇ ಬರದ ಹಾಗಾಯಿತು. ಹಗಲು ಮಲಗಿದರೆ ಅವರಿಗೆ ಏನು ಉತ್ತರ ಕೊಡಬೇಕಿತ್ತು ಅಂತ ಮನಸ್ಸು ಮಾತು ಜೋಡಿಸುತ್ತಲೇ ಇರುತ್ತಿತ್ತು. ವಾರ್ಡಿನ ಬಾಗಿಲು ತಳ್ಳುವ ಮೊದಲೇ ಎದೆ ಡವಡವ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿದರೂ ನನ್ನಿಂದಲೇ ಅನ್ನಿಸುತ್ತಿತ್ತು. ಇರಬಹುದು, ಇಲ್ಲದೆಯೂ ಇರಬಹುದು. ಆ ಅನುಮಾನವೇ ಮನುಷ್ಯನನ್ನು ಸುಸ್ತು ಮಾಡುತ್ತದೆ.

ಇದು ನನ್ನೊಬ್ಬಳ ಹೆದರಿಕೆ ಅಂದುಕೊಂಡಿದ್ದೆ. ಓದುತ್ತಾ ಹೋದಾಗ ಅಲ್ಲ ಅಂತ ಗೊತ್ತಾಯಿತು. ಅಮೆರಿಕದಲ್ಲಿ ಚೆಸ್ಟರ್ ಪಿಯರ್ಸ್ ಅಂತ ಒಬ್ಬ ಕರಿಯ ಮನೋವೈದ್ಯರಿದ್ದರಂತೆ. ಇಂಥ ಸಣ್ಣ ಸಣ್ಣ ಅವಮಾನಗಳಿಗೆ 'ಮೈಕ್ರೋಅಗ್ರೆಶನ್' ಅಂತ 1970ರಲ್ಲೇ ಹೆಸರಿಟ್ಟವರು ಅವರು. 1997ರಲ್ಲಿ ಡೇವಿಡ್ ವಿಲಿಯಮ್ಸ್ ಅನ್ನುವ ಸಂಶೋಧಕರು ಮತ್ತು ಜೊತೆಯವರು, ದಿನದಿನದ ಇಂಥ ತಾರತಮ್ಯ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ನಿಮಗೆ ಕಡಿಮೆ ಮರ್ಯಾದೆ ಕೊಡುತ್ತಾರಾ? ನಿಮಗೆ ಬುದ್ಧಿ ಕಡಿಮೆ ಅನ್ನುವ ಹಾಗೆ ನಡೆದುಕೊಳ್ಳುತ್ತಾರಾ? ನಿಮ್ಮನ್ನು ಕಂಡರೆ ಹೆದರಿದ ಹಾಗೆ ಮಾಡುತ್ತಾರಾ? ಓದಿ ಕಣ್ಣು ತುಂಬಿತು. ಯಾರೋ ಕೂತು ಇದನ್ನೆಲ್ಲ ಲೆಕ್ಕ ಹಾಕಿದ್ದಾರೆ ಅಂದರೆ ಇದು ನಿಜ ಅಂತಾಯಿತಲ್ವಾ?

ನಮ್ಮ ವಾರ್ಡಿನ ಮಲಯಾಳಿ ಚೇಚಿ ಒಂದು ರಾತ್ರಿ ನನ್ನನ್ನು ಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋದರು. "ಕಾಲು ನೆಲಕ್ಕೆ ಊರು. ಹಿಮ್ಮಡಿ ಗೊತ್ತಾಗ್ತಿದೆಯಾ? ಈಗ ಎದೆಯಲ್ಲಿ ಏನಿದೆ ಹೇಳು" ಅಂದರು. "ಕೋಪ" ಅಂದೆ. ಆವತ್ತಿನವರೆಗೆ ಅದನ್ನು ಬೇಜಾರು ಅಂತ ಕರೆಯುತ್ತಿದ್ದೆ. ಚೇಚಿ ಸಮಾಧಾನದ ಮಾತೇನೂ ಆಡಲಿಲ್ಲ. ಜೊತೆಗೆ ಸುಮ್ನೆ ನಿಂತರು, ಅಷ್ಟೇ.

ಅವರೇ ಮೈಂಡ್‌ಫುಲ್‌ನೆಸ್ ಕ್ಲಾಸಿಗೆ ಸೇರಿಸಿದರು. ಈ ಕ್ಷಣ ಮೈಮನಸ್ಸಿನಲ್ಲಿ ಏನಿದೆಯೋ ಅದನ್ನು ಸುಮ್ಮನೆ ಗಮನಿಸುವ ಅಭ್ಯಾಸ ಅದು. ಎಂಟು ವಾರದ್ದು, ಈಗ ಆರನೇ ವಾರ. 1979ರಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಬೌದ್ಧರ ಧ್ಯಾನದಿಂದ ತೆಗೆದುಕೊಂಡು, ಮ್ಯಾಸಚೂಸೆಟ್ಸ್‌ನ ಒಂದು ಆಸ್ಪತ್ರೆಯಲ್ಲಿ ವಾಸಿಯಾಗದ ನೋವಿನವರಿಗೆ ಅಂತ ಶುರು ಮಾಡಿದ್ದು. ಮೊದಲ ದಿನ ಒಂದೇ ಒಂದು ಒಣದ್ರಾಕ್ಷಿ ಕೊಟ್ಟು, ನೋಡಿ, ಮೂಸಿ, ನಿಧಾನಕ್ಕೆ ತಿನ್ನಿ ಅಂದರು. ಅದರಲ್ಲೇನೂ ನನಗೆ ಹಿಡಿಸಲಿಲ್ಲ. ಕಣ್ಣು ಮುಚ್ಚಿ ಉಸಿರು ನೋಡಿ ಅಂದಾಗಲಂತೂ ಆ ಅಜ್ಜನ ಮುಖವೇ ಬಂತು, ಉಸಿರು ಕಟ್ಟಿದ ಹಾಗಾಯಿತು. ಟೀಚರ್‌ಗೆ ಹೇಳಿದೆ. "ಹಾಗಿದ್ದರೆ ಕಣ್ಣು ತೆರೆದೇ ಇರಿ. ಉಸಿರು ಬೇಡ, ಪಾದ ಸಾಕು, ಕಿವಿಗೆ ಬೀಳುವ ಸದ್ದು ಸಾಕು" ಅಂದರು. ಮನಸ್ಸಿಗೆ ಪೆಟ್ಟು ತಿಂದವರಿಗೆ ಉಸಿರು ಗಮನಿಸುವುದೇ ಕಷ್ಟವಾಗುವುದುಂಟಂತೆ.

ಈಗ ನನ್ನ ಅಭ್ಯಾಸ ಕೈ ತೊಳೆಯುವ ಸಿಂಕಿನ ಹತ್ತಿರ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಹೇಗೂ ಕೈ ತೊಳೆಯಬೇಕಲ್ಲ. ನೀರಿನ ಬಿಸಿ, ಸೋಪಿನ ನೊರೆ, ನೆಲಕ್ಕೆ ಊರಿದ ಕಾಲು. ಎದೆ ಬಿಗಿದಿದೆಯಾ? ಬಿಗಿದಿದೆ. ಕೋಪ ಇದೆಯಾ? ಇದೆ. ಅದನ್ನು ಓಡಿಸುವುದಿಲ್ಲ. ಇದೆ ಅಂತ ನೋಡುತ್ತೇನೆ. ಮುಂದಿನ ಮಂಚಕ್ಕೆ ಹೋಗುವಷ್ಟು ಜಾಗ ಒಳಗೆ ಸಿಗುತ್ತದೆ.

ಅಮ್ಮ ಕೇಳಿದರೆ "ಅದನ್ನೇ ನಾನೂ ಹೇಳೋದು, ಸಹಿಸ್ಕೊಂಡು ಹೋಗು ಅಂತ" ಅಂತಾಳೆ. ಅಲ್ಲ ಅಕ್ಕಾ. ಸಹಿಸಿಕೊಂಡಾಗ ನಕ್ಕಿದ್ದೆ, ನೆನಪಿದೆಯಲ್ಲ. ಎರಡು ವಾರದ ಕೆಳಗೆ ಬೇರೊಬ್ಬರು ಹಾಗೇ ಮಾತಾಡಿದರು. ಕಾಲು ಊರಿದೆ. "ಈ ರಾತ್ರಿ ನಿಮ್ಮ ನರ್ಸ್ ನಾನೇ. ನನ್ನ ಜೊತೆ ಹೀಗೆ ಮಾತಾಡಬೇಡಿ" ಅಂದೆ. ದನಿ ನಡುಗಿತು, ನಿಲ್ಲಲಿಲ್ಲ. ಶಿಫ್ಟ್ ಮುಗಿಯುವ ಮೊದಲು ನಡೆದದ್ದನ್ನೆಲ್ಲ ರಿಪೋರ್ಟ್ ಬರೆದು ಹಾಕಿದೆ. ಸಿಬ್ಬಂದಿಯ ಮೇಲೆ ಹೀಗೆ ಬೈಗುಳ ಆಡುವವರಿಗೆ, ಪ್ರಾಣಕ್ಕೆ ಅಪಾಯ ಇಲ್ಲದಿದ್ದಾಗ ಚಿಕಿತ್ಸೆ ನಿರಾಕರಿಸಬಹುದು ಅಂತ ಇಲ್ಲಿ 2020ರ ಏಪ್ರಿಲ್‌ನಿಂದ ನಿಯಮವಿದೆ. ನನಗೆ ಅದು ಬೇಕಿರಲಿಲ್ಲ, ಬರೆದಿಡುವುದು ಬೇಕಿತ್ತು. ಮೇಲಿನವರು ಮಾತ್ರ "ಧ್ಯಾನದ ಆ್ಯಪ್ ಇದೆ, ಹಾಕಿಕೊಳ್ಳಿ" ಅಂದರು. ಕಾಲಿಗೆ ಎಣ್ಣೆ ಹಚ್ಚು, ಮುಳ್ಳು ಹಾಗೇ ಇರಲಿ ಅಂದ ಹಾಗೆ. ಎರಡೂ ಬೇಕು ಅಂತ ಅವರಿಗೂ ಹೇಳಿದೆ.

ಇನ್ನೊಂದು ಮಾತು. ಹೀಗೆ ಸುಮ್ಮನೆ ಕೂತಾಗ ನಮ್ಮ ಹಿತ್ತಲು ನೆನಪಾಗುತ್ತದೆ. ಗದ್ದೆ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯ ಲೋಟ ಗೋಡೆಯ ಮೇಲೆ ಬೋರಲು ಇರುತ್ತಿತ್ತಲ್ಲ. ನಾವು ಮೇಲಿನಿಂದ ಕಾಫಿ ಹೊಯ್ಯುತ್ತಿದ್ದೆವು. ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಇಡುತ್ತಿದ್ದರು. ಪ್ರತಿ ಸಲ ನಗುತ್ತಿದ್ದರು. ಆ ನಗು ಈಗ ನನಗೆ ಚೆನ್ನಾಗಿ ಗುರುತು ಸಿಗುತ್ತಿದೆ.

ಅವರು ಈಗಲೂ ಬರುತ್ತಾರಾ? ಆ ಲೋಟ ಇನ್ನೂ ಅಲ್ಲೇ ಇದ್ದರೆ ತೆಗೆದು ಒಳಗೆ ತಾ. ಬಂದಾಗ ಜಗಲಿಯಲ್ಲಿ ಕೂರಿಸಿ ನಮ್ಮ ಲೋಟದಲ್ಲೇ ಕೊಡು. ಅಮ್ಮ ಏನಾದರೂ ಅಂದರೆ ನಾನು ಹೇಳಿದ್ದು ಅನ್ನು.

ಭಾನುವಾರ ಸ್ಪೀಕರ್ ಹಾಕದೆ ಫೋನ್ ಮಾಡು. ಅಪ್ಪನಿಗೆ ಶುಗರ್ ಮಾತ್ರೆ ತಪ್ಪಿಸಬೇಡ ಅಂತ ಹೇಳು.

ನಿನ್ನ ತಂಗಿ