ಅಮ್ಮ, ಮುಂದಿನ ಬೇಸಿಗೆಗೆ ಈಜೋಕೆ ಬಾ

ಮ್ಯೂನಿಕ್
ಭಾನುವಾರ ಸಂಜೆ

ಪ್ರೀತಿಯ ಅಮ್ಮ, ಅಪ್ಪ,

ಹೋದ ವಾರ ಫೋನಿನಲ್ಲಿ ಅಮ್ಮ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. "ರಜೆ ಹಾಕಿ, ದುಡ್ಡು ಕೊಟ್ಟು, ಯಾವುದೋ ದೇಶದ ಕೆರೆಯಲ್ಲಿ ಈಜಿ ಬರ್ತೀಯಲ್ಲ, ಅಂಥದ್ದೇನಿದೆ ಅಲ್ಲಿ?" ಅಂದೆಯಲ್ಲ ಅಮ್ಮ ನೀನು. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಆದರೆ ಇಷ್ಟು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಜುಲೈಗೆ ನೀನೂ ನನ್ನ ಜೊತೆ ಬರಬೇಕು. ದಡದಲ್ಲಿ ಕೂತು ನನ್ನ ಬಟ್ಟೆ ಕಾಯೋಕಲ್ಲ, ನೀರಿಗಿಳಿಯೋಕೆ.

ನಾನು ಹೋಗಿದ್ದು ಸ್ಲೊವೇನಿಯಾಗೆ. ಇಲ್ಲಿಂದ ಆಸ್ಟ್ರಿಯಾ ದಾಟಿದರೆ ಸಿಗುವ ಪುಟ್ಟ ದೇಶ. ಇಡೀ ದೇಶದ ಜನ ಸೇರಿದರೂ ಸುಮಾರು 21 ಲಕ್ಷ. ಅಲ್ಲಿ ಬ್ಲೆಡ್, ಬೋಹಿನ್ ಅಂತ ಎರಡು ಕೆರೆ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ. ನಮ್ಮ ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಜೊತೆಗೆ ಗೈಡ್‌ಗಳು, ಒಂದು ದೋಣಿ, ಒಂದು ಕಯಾಕ್. ಬೆಳಿಗ್ಗೆ ಒಂದು ಈಜು, ಮಧ್ಯಾಹ್ನ ಊಟ ಆದಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೊದಲ ದಿನ ಎಲ್ಲರನ್ನೂ ಸ್ವಲ್ಪ ದೂರ ಈಜಿಸಿ ನೋಡುತ್ತಾರೆ. ನಿಧಾನದವರಿಗೆ ಒಂದು ಬಣ್ಣದ ಟೋಪಿ, ವೇಗದವರಿಗೆ ಇನ್ನೊಂದು. ನಿಧಾನದವರು ಮೊದಲು ಹೊರಡುತ್ತಾರೆ, ಹಾಗಾಗಿ ಯಾರೂ ತೀರಾ ಹಿಂದೆ ಉಳಿಯುವುದಿಲ್ಲ. ಯಾರ ಟೈಮೂ ಬರೆದುಕೊಳ್ಳುವುದಿಲ್ಲ. ಸಾಕು ಅನಿಸಿದರೆ ಕೈ ಎತ್ತಬೇಕು, ದೋಣಿ ಬರುತ್ತದೆ, ಹತ್ತಿ ಕೂರಬಹುದು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಇಳಿಯಬಹುದು.

ಬಂದವರೆಲ್ಲ ಚಾಂಪಿಯನ್‌ಗಳು ಅಂದುಕೊಳ್ಳಬೇಡ. ಒಬ್ಬರು ನರ್ಸ್, ಒಬ್ಬರು ಶಾಲೆಯ ಟೀಚರ್, ಒಬ್ಬರು ರೈಲು ಓಡಿಸಿ ನಿವೃತ್ತರಾದವರು. ಒಬ್ಬ ಅಜ್ಜಿ ಇದ್ದರು, ನಿನಗಿಂತ ದೊಡ್ಡವರು. ರಿಟೈರ್ ಆದಮೇಲೆ ಈಜು ಕಲಿತವರು. ಅವರಿಗೆ ಬರುವುದು ಬ್ರೆಸ್ಟ್‌ಸ್ಟ್ರೋಕ್ ಒಂದೇ. ತಲೆ ಮೇಲಿಟ್ಟುಕೊಂಡು, ಸುತ್ತ ಬೆಟ್ಟ ನೋಡುತ್ತಾ, ಪಕ್ಕದವರ ಜೊತೆ ಮಾತಾಡುತ್ತಾ ಎರಡು ಕಿಲೋಮೀಟರ್ ಈಜಿಬಿಡುತ್ತಿದ್ದರು. ಅವರನ್ನು ನೋಡಿದಾಗೆಲ್ಲ ನನಗೆ ನಿನ್ನದೇ ನೆನಪು. ಸ್ಯಾಂಕಿ ಕೆರೆ ಪಕ್ಕದ ಈಜುಕೊಳದಲ್ಲಿ ಬೆಳಗಿನ ಲೇಡೀಸ್ ಬ್ಯಾಚಿನಲ್ಲಿ ನೀನು ಹಾಕುವ ಲ್ಯಾಪ್‌ಗಳನ್ನು ಒಂದೇ ಗೆರೆಯಾಗಿ ಜೋಡಿಸಿದರೆ ಅಷ್ಟೇ ದೂರ ಆಗುತ್ತದೆ, ಅಲ್ವಾ?

ಬೋಹಿನ್ ಕೆರೆಯ ಬಗ್ಗೆ ಜಾಸ್ತಿ ಹೇಳಬೇಕು. ಉದ್ದ ನಾಲ್ಕು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಹಿಮನದಿ ಕೊರೆದು ಬಿಟ್ಟುಹೋದ ಜಾಗ ಅದು. ಪಶ್ಚಿಮದ ತುದಿಯಲ್ಲಿ ಸಾವಿತ್ಸಾ ಅನ್ನುವ ಜಲಪಾತದ ನೀರು ಬಂದು ಸೇರುತ್ತದೆ, ಪೂರ್ವದ ತುದಿಯಲ್ಲಿ ಒಂದು ಹಳೇ ಚರ್ಚು, ಅದರ ಬಿಳಿ ಗೋಪುರ. ನಾವು ಪಶ್ಚಿಮದಲ್ಲಿ ಇಳಿದು ಆ ಗೋಪುರಕ್ಕೆ ಗುರಿ ಇಟ್ಟು ಈಜಿದೆವು. ದಡದ ಹತ್ತಿರ ಒಂದೊಂದು ಕಲ್ಲೂ ಎಣಿಸುವ ಹಾಗೆ ಕಾಣುತ್ತದೆ. ಆಮೇಲೆ ನೆಲ ಜಾರುತ್ತಾ ಹೋಗಿ ಮರೆಯಾಗುತ್ತದೆ. ಕೆಳಗೆ ಬರೀ ಹಸಿರು. ಬಿಸಿಲು ಬಿದ್ದಾಗ ನನ್ನ ತಲೆಯ ನೆರಳಿನ ಸುತ್ತ ಬೆಳಕಿನ ಗೆರೆಗಳು ಆಳಕ್ಕೆ ಇಳಿದು ಒಂದೇ ಕಡೆ ಸೇರುವ ಹಾಗೆ ಕಾಣುತ್ತವೆ. ನಾನು ಮುಂದೆ ಹೋದರೆ ಅವೂ ಮುಂದೆ ಬರುತ್ತವೆ. ಕೊಳದಲ್ಲಿ ತಳದ ಕಪ್ಪು ಗೆರೆ ನೋಡಿಕೊಂಡೇ ಬೆಳೆದವಳು ನಾನು. ಇಲ್ಲಿ ಗೋಡೆ ಇಲ್ಲ, ತಿರುಗುವ ಹಾಗಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದಷ್ಟೇ. ಮನೆಯಿಂದ ಹೊರಟು ಇನ್ನೊಂದು ಊರು ಸೇರಿದ ಖುಷಿ ಅದು. ಕೊಳದಲ್ಲಿ ಎಷ್ಟು ಈಜಿದರೂ ಹೊರಟ ಕಡೆಗೇ ವಾಪಸ್ ಬರುತ್ತೇವೆ.

ಈಗ ನಿನ್ನ ಭಯದ ವಿಷಯ. ಅದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಮೇಕೆದಾಟು, ಮುತ್ತತ್ತಿ, ಕಲ್ಲು ಕ್ವಾರಿ, ಕೃಷಿ ಹೊಂಡ, ನಾಲೆ, ಎಲ್ಲಿಂದಲೋ ಒಂದು ಸಾವಿನ ಸುದ್ದಿ ಬರುತ್ತಲೇ ಇರುತ್ತದೆ. ಕಾಲೇಜು ಹುಡುಗರು, ಮಕ್ಕಳು. ಓದಿದಾಗ ಹೊಟ್ಟೆ ಉರಿಯುತ್ತದೆ. ಆ ಮಕ್ಕಳ ಜೊತೆ ಜಾಗ ಗೊತ್ತಿದ್ದವರು ಇರಲಿಲ್ಲ, ದೋಣಿ ಇರಲಿಲ್ಲ, ಎಷ್ಟೋ ಮಕ್ಕಳಿಗೆ ಈಜೇ ಬರುತ್ತಿರಲಿಲ್ಲ. ಇಲ್ಲಿ ಗೈಡ್ ಬೆಳಿಗ್ಗೆ ಗಾಳಿ ನೋಡುತ್ತಾರೆ, ನೀರಿನ ಬಿಸಿ ಅಳೆಯುತ್ತಾರೆ, ಗುಡುಗಿನ ಲಕ್ಷಣ ಇದ್ದರೆ ಈಜು ರದ್ದು. ಬೆಟ್ಟದ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ, ಅದಕ್ಕೇ ಉದ್ದದ ಈಜು ಬೆಳಿಗ್ಗೆಯೇ ಮುಗಿಸುತ್ತಾರೆ. ಪ್ರತಿಯೊಬ್ಬರ ಸೊಂಟಕ್ಕೂ ಒಂದು ಕಿತ್ತಳೆ ಬಣ್ಣದ ಗಾಳಿ ಚೀಲ, ದಾರದಲ್ಲಿ ಹಿಂದೆ ತೇಲಿ ಬರುತ್ತದೆ. ದೂರದ ದೋಣಿಯವರಿಗೂ ಕಾಣುತ್ತದೆ, ಸುಸ್ತಾದರೆ ಹಿಡಿದುಕೊಂಡು ತೇಲಬಹುದು. ನಮ್ಮ ಗೈಡ್ ಈಜುವಾಗೆಲ್ಲ ತಲೆ ಎಣಿಸುತ್ತಲೇ ಇದ್ದರು. ನನ್ನ ಜೊತೆ ಮಾತಾಡುವಾಗಲೂ ಅವರ ಕಣ್ಣು ನೀರಿನ ಮೇಲೇ ಇರುತ್ತಿತ್ತು.

ನಿಜವಾಗಿ ಹುಷಾರಾಗಿರಬೇಕಾದ್ದು ಚಳಿಗೆ. ಬೋಹಿನ್ ನೀರು ಬೇಸಿಗೆಯಲ್ಲೂ ನಮ್ಮ ಕೊಳದ ನೀರಿಗಿಂತ ತಣ್ಣಗೆ. ಇಳಿದ ಕೂಡಲೇ ಉಸಿರು ಒಮ್ಮೆಲೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಗ ಈಜು ಶುರುಮಾಡಬಾರದು. ಕುತ್ತಿಗೆವರೆಗೂ ನೀರಲ್ಲಿ ನಿಂತು, ಮುಖಕ್ಕೆ ನೀರು ಎರಚಿಕೊಂಡು, ಉಸಿರನ್ನು ಉದ್ದಕ್ಕೆ ಹೊರಗೆ ಬಿಡಬೇಕು. ಒಂದೆರಡು ನಿಮಿಷದಲ್ಲಿ ಉಸಿರು ಹದಕ್ಕೆ ಬರುತ್ತದೆ. ಇನ್ನೊಂದು ವಿಷಯ, ನೀರಿಂದ ಮೇಲೆ ಬಂದಮೇಲೂ ಸ್ವಲ್ಪ ಹೊತ್ತು ಮೈಯೊಳಗಿನ ಬಿಸಿ ಇಳಿಯುತ್ತಲೇ ಇರುತ್ತದೆ. ಅದಕ್ಕೇ ತಕ್ಷಣ ಒರೆಸಿಕೊಂಡು, ಒಣಬಟ್ಟೆ, ಉಲ್ಲನ್ ಟೋಪಿ ಹಾಕಿ, ಬಿಸಿ ಟೀ ಕುಡಿಯಬೇಕು. ಓಡಿಹೋಗಿ ಬಿಸಿನೀರಿನ ಸ್ನಾನಕ್ಕೆ ನಿಲ್ಲಬಾರದು. ನಿನ್ನ ಬಿಪಿ ವಿಷಯ ಡಾಕ್ಟರ ಹತ್ತಿರ ಮೊದಲೇ ಮಾತಾಡು ಅಮ್ಮ. ತಣ್ಣೀರಿಗೆ ಇಳಿದಾಗ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಅವರು ಬೇಡ ಅಂದರೆ ಬೋಹಿನ್ ಬೇಡ. ಬ್ಲೆಡ್ ನೀರು ಜುಲೈ, ಆಗಸ್ಟ್‌ನಲ್ಲಿ ಬೆಚ್ಚಗೇ ಇರುತ್ತದೆ, ಅಲ್ಲಿ ಇಳಿಯಬಹುದಾ ಅಂತಲೂ ಕೇಳಿಬಿಡು.

ಡ್ರೆಸ್ ಬಗ್ಗೆ ನೀನು ಕೇಳಲಿಲ್ಲ, ಆದರೂ ಮನಸ್ಸಲ್ಲಿ ಇದೆ ಅಂತ ನನಗೆ ಗೊತ್ತು. ಗಂಡಸರೂ ಇರುತ್ತಾರೆ, ಹೌದು. ವೆಟ್‌ಸೂಟ್ ಅಂತ ಬರುತ್ತದೆ, ಕುತ್ತಿಗೆಯಿಂದ ಕಾಲಿನ ಗಂಟಿನವರೆಗೂ ಮುಚ್ಚುತ್ತದೆ. ಅದರ ರಬ್ಬರಿನೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವುದರಿಂದ ಮೈ ಬೆಚ್ಚಗಿರುತ್ತದೆ, ಕಾಲು ತಾನಾಗಿಯೇ ಮೇಲೇಳುತ್ತದೆ. ಕುತ್ತಿಗೆಗೆ ವ್ಯಾಸಲೀನ್ ಹಚ್ಚಿಕೋ, ಇಲ್ಲದಿದ್ದರೆ ಅಂಚು ಉಜ್ಜಿ ಉರಿ ಬರುತ್ತದೆ. ಅರ್ಧ ಜನ ವೆಟ್‌ಸೂಟನ್ನೇ ಹಾಕಿಕೊಂಡಿದ್ದರು. ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ ಅಮ್ಮ, ನಿಜವಾಗಲೂ.

ಬ್ಲೆಡ್ ಕೆರೆಯ ಒಂದು ಕಥೆ ಹೇಳಲೇಬೇಕು. ಮಧ್ಯದಲ್ಲಿ ದ್ವೀಪ, ದ್ವೀಪದ ಮೇಲೆ ಚರ್ಚು, ನೀರಿಂದ ಮೇಲಕ್ಕೆ 99 ಮೆಟ್ಟಿಲು. ಫೋಟೋ ಕಳಿಸಿದ್ದೆನಲ್ಲ, ಅದೇ. ಮೋಟಾರು ದೋಣಿ ಬಿಡುವ ಹಾಗಿಲ್ಲ, ಹುಟ್ಟು ಹಾಕುವ ದೋಣಿ ಮಾತ್ರ. ಆ ಕೆರೆಯೂ ಒಂದು ಕಾಲದಲ್ಲಿ ಕೊಳಕು ಸೇರಿ ಪಾಚಿ ಕಟ್ಟಿಕೊಂಡಿತ್ತಂತೆ. 1964ರಲ್ಲಿ ಪಕ್ಕದ ರಾದೊವ್ನಾ ನದಿಯಿಂದ ಒಳ್ಳೇ ನೀರು ತಂದು ಬಿಟ್ಟರು. ಅದೂ ಸಾಲದೆ 1980ರ ದಶಕದ ಶುರುವಿನಲ್ಲಿ ತಳದ ಕೆಟ್ಟ ನೀರನ್ನು ಪೈಪಿನಲ್ಲಿ ಹೊರಗೆ ಹರಿಸುವ ವ್ಯವಸ್ಥೆ ಮಾಡಿದರು. ಈಗ ಅಲ್ಲಿ ಮಕ್ಕಳು ಈಜುತ್ತಾರೆ. ನಮ್ಮೂರನ್ನು ನೆನೆಸಿಕೊಂಡೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಬೆಳ್ಳಂದೂರು ಕೆರೆಗೆ 2017ರಲ್ಲಿ, 2018ರಲ್ಲಿ ಬೆಂಕಿಯೇ ಹತ್ತಿಕೊಂಡಿತು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಉಳಿದಿದೆ, ಅದರ ಸುತ್ತ ನೀನು ದಿನಾ ನಡೆಯುತ್ತೀಯ, ಆದರೆ ಕೈ ಅದ್ದುವ ಧೈರ್ಯ ಯಾರಿಗಿದೆ? ಸರಿಮಾಡೋಕೆ ಆಗುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿದಮೇಲೆ ನನಗೆ ಬೇಜಾರಿಗಿಂತ ಕೋಪವೇ ಜಾಸ್ತಿ ಬಂತು.

ಅಪ್ಪ, ಈಗ ನಿಮ್ಮ ಸರದಿ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು ನೀವು. ಮದ್ದೂರು ಕಡೆ ನಾಲೆಯಲ್ಲಿ ಹೇಗೆ ಈಜುತ್ತಿದ್ದಿರಿ ಅಂತ ಎಷ್ಟು ಸಲ ಹೇಳಿದ್ದೀರಿ! ಬೆಂಗಳೂರಿಗೆ ಬಂದಮೇಲೆ ಒಂದು ಸಲವೂ ನೀರಿಗಿಳಿಯಲಿಲ್ಲ. ಕ್ಲೋರಿನ್ ವಾಸನೆ ಆಗಲ್ಲ ಅಂದಿರಿ. ಬೋಹಿನ್ ನೀರಿಗೆ ಯಾವ ವಾಸನೆಯೂ ಇಲ್ಲ ಅಪ್ಪ. ಈಜದಿದ್ದರೂ ಪರವಾಗಿಲ್ಲ, ದೋಣಿಯಲ್ಲಿ ಕೂತು ಬರಬಹುದು, ಮನೆಯವರನ್ನು ಕರೆದುಕೊಂಡು ಬರುವವರು ಇರುತ್ತಾರೆ. ಊಟದ ಚಿಂತೆ ಬೇಡ. ಝ್ಗಾಂತ್ಸಿ ಅಂತ ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನದೊಂದು ಮಾಡುತ್ತಾರೆ, ಥೇಟ್ ನಮ್ಮ ಮುದ್ದೆಯ ನೆಂಟ. ಹಂದಿ ಕೊಬ್ಬು ಹಾಕದೆ ಕೊಡಿ ಅಂತ ಮೊದಲೇ ಹೇಳಬೇಕು, ಅಷ್ಟೇ. ಬ್ಲೆಡ್‌ನಲ್ಲಿ ಕ್ರೀಮ್ ಕೇಕ್ ಸಿಗುತ್ತದೆ, ಅದರಲ್ಲಿ ಮೊಟ್ಟೆ ಇದೆ, ನೀವು ತಿನ್ನುತ್ತೀರಿ, ಅಮ್ಮ ತಿನ್ನಲ್ಲ.

ತಮ್ಮನಿಗೆ ಇಂಗ್ಲೆಂಡ್, ಫ್ರಾನ್ಸ್ ನಡುವಿನ ಸಮುದ್ರ, ಇಂಗ್ಲಿಷ್ ಚಾನೆಲ್ ಈಜಿ ದಾಟುವ ಹುಚ್ಚು ಹಿಡಿದಿದೆ ಅಂತ ಕೇಳಿದೆ. ಒಳ್ಳೇದೇ. ನಮ್ಮ ದೇಶದವರೇ ಆದ ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ ಮರುವರ್ಷವೇ ಅದನ್ನು ಈಜಿದರು. ಆರತಿ ಸಾಹಾಗೆ ಆಗ ಹತ್ತೊಂಬತ್ತು ವರ್ಷ, ಮೊದಲ ಪ್ರಯತ್ನ ಕೈಗೂಡದೆ ಎರಡನೇ ಸಲಕ್ಕೆ ದಾಟಿದವರು. ಆದರೆ ಇವನು ಇನ್ನೂ ಸಮುದ್ರದಲ್ಲಿ ಒಂದು ಕಿಲೋಮೀಟರೂ ಈಜಿಲ್ಲ. ಮೊದಲು ಮಹಾರಾಷ್ಟ್ರದ ಮಾಲ್ವಣದ ಚಿವಲಾ ಬೀಚಿನಲ್ಲಿ ನಡೆಯುವ ಸಮುದ್ರ ಈಜು ಸ್ಪರ್ಧೆಗೆ ಹೋಗಿ ಬರಲಿ. ಆಮೇಲೆ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿ ಇದೆ. ಪ್ರತಿವರ್ಷ ಆಗಸ್ಟ್ 30ಕ್ಕೆ ಹಡಗುಗಳನ್ನು ನಿಲ್ಲಿಸಿ ಈಜಲು ಬಿಡುತ್ತಾರೆ, ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ. ಕವಿ ಬೈರನ್ 1810ರಲ್ಲಿ ಈಜಿದ ನೀರು ಅದು, ಮಿಹಿರ್ ಸೇನ್ ಕೂಡ 1966ರಲ್ಲಿ ಈಜಿದರು. ಸೆಳೆತ ಜೋರು. ನೇರ ಎದುರು ದಡಕ್ಕೆ ಗುರಿ ಇಟ್ಟರೆ ಸೆಳೆತ ತಾನು ಹರಿಯುವ ಕಡೆಗೇ ಎಲ್ಲೋ ಒಯ್ದು ಬಿಡುತ್ತದೆ, ಅದಕ್ಕೇ ಸೆಳೆತ ಬರುವ ಕಡೆಗೆ ಗುರಿ ಹಿಡಿಯಬೇಕು. ಇದನ್ನು ಅವನಿಗೆ ಓದಿ ಹೇಳಿ.

ಅಮ್ಮ, ನಾಳೆಯಿಂದಲೇ ಕೊಳದಲ್ಲಿ ಕೆಲವು ಅಭ್ಯಾಸ ಶುರುಮಾಡು. ಗೋಡೆ ಮುಟ್ಟದೆ, ಒಂದು ಮಾರು ಮೊದಲೇ ತಿರುಗಿ ವಾಪಸ್ ಬಾ. ಗೋಡೆ ಒದ್ದು ಸಿಗುವ ವೇಗ ಕೆರೆಯಲ್ಲಿ ಸಿಗಲ್ಲ. ಫ್ರೀಸ್ಟೈಲ್ ಹೊಡೆಯುವಾಗ ನಾಲ್ಕೈದು ಉಸಿರಿಗೊಮ್ಮೆ ಮುಂದೆ ನೋಡು. ತಲೆ ಪೂರ್ತಿ ಎತ್ತಬೇಡ, ಕನ್ನಡಕ ಮಾತ್ರ ನೀರಿನ ಮೇಲೆ ಬಂದರೆ ಸಾಕು, ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ. ಲೇನ್ ಖಾಲಿ ಇದ್ದಾಗ ಕಣ್ಣು ಮುಚ್ಚಿ ಹತ್ತು ಸಲ ಕೈ ಬೀಸಿ ನೋಡು, ಯಾವ ಕಡೆ ವಾಲುತ್ತೀಯ ಅಂತ ಗೊತ್ತಾಗುತ್ತದೆ. ಎಡಕ್ಕೂ ಬಲಕ್ಕೂ ಉಸಿರು ತೆಗೆದುಕೊಳ್ಳೋದು ಕಲಿ, ಅಲೆ ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆ ಬೇಕಾಗುತ್ತದೆ. ನಿನ್ನ ಕೋಚ್‌ಗೂ ಹೇಳು, ಅವರಿಗೂ ಖುಷಿಯಾಗುತ್ತದೆ.

ಗೈಡ್‌ಗಳ ಜೊತೆ ಹೋಗುವ ಗುಂಪುಗಳಲ್ಲಿ ಜುಲೈ ಜಾಗಗಳು ಬೇಗ ತುಂಬುತ್ತವೆ. ವೀಸಾ ಅಪಾಯಿಂಟ್‌ಮೆಂಟೂ ಸುಲಭಕ್ಕೆ ಸಿಗಲ್ಲ. ದೀಪಾವಳಿಯೊಳಗೆ ಹೂಂ ಅಂತ ಹೇಳಿಬಿಡು. ಅಪ್ಪನ ಪಾಸ್‌ಪೋರ್ಟ್ ಮುಗಿಯೋದು ಯಾವಾಗ ಅಂತ ಇವತ್ತೇ ತೆಗೆದು ನೋಡಿ, ಫೋಟೋ ಕಳಿಸಿ. ವೆಟ್‌ಸೂಟ್ ಇಲ್ಲೇ ಬಾಡಿಗೆಗೆ ಸಿಗುತ್ತದೆ, ನಿನ್ನ ಎತ್ತರ, ತೂಕ, ಎದೆ ಸುತ್ತಳತೆ ಬರೆದು ಕಳಿಸು. ತೂಕ ನಿಜವಾದದ್ದೇ ಬರಿ ಅಮ್ಮ, ಸಡಿಲ ಆದರೆ ಒಳಗೆ ನೀರು ತುಂಬಿಕೊಳ್ಳುತ್ತದೆ.

ನಿಮ್ಮ
ಪುಟ್ಟಿ